ಮಾವನ ಮದುವೆ ಖರೆ ಎಂದು ಬರೆದುಕೊಟ್ಟದ್ದು

ನಮ್ಮ ಸಣ್ಣ ಸೋದರಮಾವ ಪೂರ್ತಿ ಎಚ್ಚರ ಇದ್ದದ್ದನ್ನು ಬೆಟಗೇರಿಯಲ್ಲಿ ಇದುವರೆಗೆ ಯಾರೂ ಕಂಡಿಲ್ಲ! ಹಾಗಂತ ಅವನದು ನಿದ್ದೆಗಣ್ಣು ಅಂದುಕೊಳ್ಳಬೇಡಿ. ನಡೆಯುತ್ತಾನೆ, ಉಣ್ಣುತ್ತಾನೆ, ಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಾನೆ. ಮನಸ್ಸು ಮಾತ್ರ ಕಪ್ಪತಗುಡ್ಡದ ಆಚೆಗೆಲ್ಲೋ ತೇಲುತ್ತಿರುತ್ತದೆ. ಒಮ್ಮೆ ಸೆರಗು ಹಾಕುವುದನ್ನೇ ಮರೆತು ಸೀರೆಯನ್ನು ಉದ್ದಕ್ಕೆ ನೇಯುತ್ತಲೇ ಹೋಗಿದ್ದ. ಕೇಳಿದರೆ, "ಕಿಡಕ್ಯಾಗ ಮೋಡ ನೋಡಾಕತ್ತಿದ್ದೆನವಾ. ಅದಕ್ಕೂ ಸೆರಗ ಇರಲಿಲ್ಲ" ಎಂದ!

ಇಂಥವನನ್ನು ಕೆನಡಾಕ್ಕೆ ಕಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು ಅಂದರೆ ನನ್ನ ಪಾಡನ್ನು ನೀವೇ ಊಹಿಸಿ.

ಮಾವನ ಹೆಂಡತಿ, ಅಂದರೆ ನಮ್ಮ ಅತ್ತೆ, ಮುಂಡರಗಿಯವಳು, ನರ್ಸು. ಮೂರು ವರ್ಷದ ಹಿಂದೆ ಕೆಲಸ ಸಿಕ್ಕು ಅಲ್ಲಿಗೆ ಹೋದಳು. ಅಲ್ಲೇ ನೆಲೆಸುವ ಪರವಾನಗಿ ಸಿಕ್ಕ ಕೂಡಲೇ ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಹೆಂಡತಿ ಗಂಡನ ಜವಾಬ್ದಾರಿ ಹೊತ್ತು ಬರೆದುಕೊಡಬೇಕು, ಮದುವೆ ಬರೀ ವೀಸಾಕ್ಕಾಗಿ ಆದದ್ದಲ್ಲ ಎಂದು ಇಬ್ಬರೂ ಸಾಬೀತು ಮಾಡಬೇಕು. ಇದು ಅಲ್ಲಿಯ ಕಾಯ್ದೆ. ಗದಗದ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಹಾಗಾಗಿ ಫಾರ್ಮು ತುಂಬುವ ಭಾಗ್ಯ ನನ್ನದಾಯಿತು.

ಮೊದಲ ಪ್ರಶ್ನೆಯೇ ಮುಳುವಾಯಿತು. ನೀವಿಬ್ಬರೂ ಮೊದಲು ಭೇಟಿಯಾದದ್ದು ಹೇಗೆ?

"ಬರಿಯವಾ," ಎಂದ ಮಾವ. "ನಾ ತಪ್ಪು ಬಸ್ಸು ಹತ್ತಿದ್ದೆ."

ಮಾತು ಖರೆ. ಮುಂಡರಗಿಗೆ ಹೆಣ್ಣು ನೋಡಲು ಹೊರಟವನು ಶಿರಹಟ್ಟಿ ಬಸ್ಸಿನಲ್ಲಿ ಕುಳಿತು, ಹೊಲಗಳನ್ನು ನೋಡುತ್ತ ಶಿರಹಟ್ಟಿಯಲ್ಲೇ ಇಳಿದಿದ್ದ. ಇಳಿದು, ಹೆಣ್ಣಿನ ಮನೆ ಎಲ್ಲಿ ಎಂದು ಇಡೀ ಊರನ್ನು ವಿಚಾರಿಸಿದ್ದ! ಮುಂಡರಗಿ ಮುಟ್ಟಿದಾಗ ಸಂಜೆಯಾಗಿತ್ತು. ಅಷ್ಟರಲ್ಲಿ ಹುಡುಗಿ ಕಾದೂ ಕಾದೂ, ವರನಿಗೆಂದು ಮಾಡಿದ ಶಿರಾವನ್ನು ತಾನೇ ತಿಂದು ಮುಗಿಸಿದ್ದಳು. ಬಸ್ಸಿನ ಕಥೆ ಕೇಳಿ ಎಷ್ಟು ನಕ್ಕಳೆಂದರೆ, ಅವರಪ್ಪ ಅದನ್ನೇ ಒಪ್ಪಿಗೆ ಎಂದು ತಿಳಿದುಬಿಟ್ಟರು.

"ಇದನ್ನ ಹ್ಯಾಂಗ ಬರೀಲಿ ಮಾವಾ?"

"ಆದದ್ದು ಆದಂಗ ಬರಿ. ಸರಕಾರಕ್ಕ ಸುಳ್ಳು ಹೇಳಬಾರದು."

ಬರೆದೆ. ಶಿರಾ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ತಿಳಿಯದೆ ಅರ್ಧ ತಾಸು ಒದ್ದಾಡಿದೆ!

ಮುಂದೆ ಮದುವೆಯ ಫೋಟೋ. ಆಲ್ಬಮ್ ತೆಗೆದು ನೋಡಿದೆ. ಅಕ್ಷತೆ ಬೀಳುವಾಗ, ತಾಳಿ ಕಟ್ಟುವಾಗ, ಊಟಕ್ಕೆ ಕುಳಿತಾಗ, ಎಲ್ಲದರಲ್ಲೂ ಮಾವನ ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಅತ್ತೆ ಹಲ್ಲು ಕಿಸಿದು ನಗುತ್ತಿದ್ದಾಳೆ. ನೋಡಿದ ಅಧಿಕಾರಿ ಏನೆಂದುಕೊಂಡಾನು? ಹುಡುಗನಿಗೆ ಮತ್ತು ಬರಿಸಿ ಮದುವೆ ಮಾಡಿದ್ದಾರೆ ಅಂತಲೇ! ಅರ್ಜಿಗೆ ಬೇಕಾದ ಹೊಸ ಫೋಟೋಕ್ಕೆ ಸ್ಟುಡಿಯೋಕ್ಕೆ ಕರೆದೊಯ್ದರೆ, ಅಲ್ಲಿಯವರು ಹತ್ತಾರು ಸಲ ಕ್ಲಿಕ್ಕಿಸಿ ಬೆವರು ಒರೆಸಿಕೊಂಡರು.

"ಕಣ್ಣ ತಗೀರಿ ಸರ!"

"ತಗದೀನಲ್ರೀ?"

"ಇಲ್ರೀ, ಮುಚ್ಚೀರಿ!"

"ಹಂಗಾದ್ರ ನಿಮ್ಮ ಸ್ಟುಡಿಯೋ ನನಗ ಕಾಣಾಕತ್ತಿದ್ದು ಹ್ಯಾಂಗ್ರೀ?"

ಕೊನೆಗೆ ಹೇಗೋ ಒಂದು ಸಿಕ್ಕಿತು. ಅರ್ಜಿ ಹೋಯಿತು. ಕೆಲವು ತಿಂಗಳಾದ ಮೇಲೆ ಪತ್ರ ಬಂತು. ಪುರಾವೆ ಸಾಲದು, ದಂಪತಿ ದೂರವಿದ್ದಾಗಲೂ ಸಂಪರ್ಕದಲ್ಲಿದ್ದರೆಂಬುದನ್ನು ಒಂದು ತಿಂಗಳೊಳಗೆ ತೋರಿಸಬೇಕು.

ಅತ್ತೆ ಫೋನಿನಲ್ಲಿ ಅತ್ತುಬಿಟ್ಟಳು. "ನಮ್ಮದು ಸುಳ್ಳು ಮದವಿ ಅಂತ ತಿಳದಾರೇನವಾ? ಇನ್ನ ಎಷ್ಟು ವರ್ಷ ಹಿಂಗ ಒಬ್ಬಾಕಿನ ಇರ್ಲಿ?"

ನನ್ನ ನಗೆಯೆಲ್ಲ ಅಂದೇ ಇಳಿದುಹೋಯಿತು. ಮಾವನ ಫೋನು ಕಸಿದುಕೊಂಡು ಸಂದೇಶಗಳನ್ನು ಹುಡುಕಿದೆ. ಮೂರು ವರ್ಷದಲ್ಲಿ ಹೆಂಡತಿಗೆ ಅವನು ಕಳಿಸಿದ್ದು ಒಂದೇ ಒಂದು. "ಆತು." ಯಾವುದಕ್ಕೆ ಆತು? ಇಬ್ಬರಿಗೂ ನೆನಪಿಲ್ಲ!

ಪರಿಚಯದ ಏಜೆಂಟನೊಬ್ಬ, ಫೋಟೋದಲ್ಲಿ ಬೇರೆ ಕಣ್ಣು ಕೂಡಿಸಿ, ಪ್ರೇಮಪತ್ರಗಳನ್ನೂ ತಯಾರಿಸಿಕೊಡುತ್ತೇನೆ ಎಂದ. ಯಾವತ್ತೂ ದನಿ ಏರಿಸದ ಮಾವ ಎದ್ದು ನಿಂತ. "ಬ್ಯಾಡ್ರೀ. ಬ್ಯಾರೆಯವರ ಕಣ್ಣಿಟ್ಟರ ಅಕಿಗೆ ನನ್ನ ಗುರುತ ಹತ್ತೂದಿಲ್ಲ."

ಆಮೇಲೆ ಕರೆಗಳ ಪಟ್ಟಿ ತೆರೆದು ನೋಡಿದೆ, ನೋಡಿ ದಂಗಾದೆ. ಪ್ರತಿ ಸಂಜೆ ವಿಡಿಯೋ ಕರೆ. ಒಂದೊಂದೂ ಮೂರು ತಾಸು, ನಾಲ್ಕು ತಾಸು!

"ಇಷ್ಟು ಹೊತ್ತು ಏನ ಮಾತಾಡ್ತೀರಿ ಮಾವಾ?"

"ಮಾತಾಡೂದಿಲ್ಲವಾ," ಎಂದ. "ಸಂಜಿಮುಂದ ಬಾ, ನೋಡುವಿಯಂತ."

ಹೋದೆ. ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಹೇಳಿದ. ಮಗ್ಗದ ಪಕ್ಕದ ಹಲಗೆಗೆ ಫೋನು ಆನಿಸಿತ್ತು. ಅದರಲ್ಲಿ ಬಿಳಿ ದಿಂಬು, ದಿಂಬಿನ ಮೇಲೆ ಅತ್ತೆಯ ಕೆನ್ನೆ. ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದಳು. ಅಲ್ಲಿ ಆಗ ಮುಂಜಾನೆ. ಅವಳ ಕಿಟಕಿಯ ಪರದೆಯಲ್ಲಿ ಹಿಮದ ಬೆಳಕು, ನಮ್ಮ ಕಿಟಕಿಯಲ್ಲಿ ಬೆಟಗೇರಿಯ ಕೆಂಪು ಸಂಜೆ. ನಡುವೆ ಮಾವನ ಲಾಳಿ ಅತ್ತಿಂದಿತ್ತ ಓಡಾಡುತ್ತಿತ್ತು.

"ಅಕಿಗೆ ಅಲ್ಲಿ ಹಗಲಿನ್ಯಾಗ ನಿದ್ದಿ ಹತ್ತೂದಿಲ್ಲ," ಎಂದು ಪಿಸುಗುಟ್ಟಿದ. "ಮಗ್ಗದ ಸಪ್ಪಳಾ ಕೇಳಿದ್ರ ಹತ್ತತೈತಿ."

ಅಷ್ಟರಲ್ಲಿ ಎಳೆಯೊಂದು ಹರಿಯಿತು. ಲಾಳಿ ನಿಂತಿತು. ದಿಂಬಿನ ಮೇಲೆ ಅತ್ತೆ ಮಿಸುಕಿದಳು. ಮಾವ ಗಡಬಡಿಸಿ ಗಂಟು ಹಾಕಿ ಮತ್ತೆ ನೇಯತೊಡಗಿದ. ಅವಳಿಗೆ ಮತ್ತೆ ನಿದ್ದೆ ಹತ್ತಿತು.

ಮನೆಗೆ ಬಂದು, ಕಂಡದ್ದನ್ನು ಕಂಡಂತೆ ಎರಡು ಪುಟ ಬರೆದು, ಕೆಳಗೆ ಸಹಿ ಹಾಕಿ, ಕರೆಗಳ ಪಟ್ಟಿಯ ಜೊತೆ ಕಳಿಸಿದೆ. ಎರಡು ತಿಂಗಳಲ್ಲಿ ವೀಸಾ ಬಂತು.

ಹೊರಡುವ ದಿನ ಗದಗ ಸ್ಟೇಷನ್ನಿನಲ್ಲಿ ಮಾವ ನನ್ನನ್ನು ಪಕ್ಕಕ್ಕೆ ಕರೆದ.

"ಅಲ್ಲಿ ಹೋದ ಮ್ಯಾಲ ಅಕಿ ಜೋಡಿ ಏನ ಮಾತಾಡಬೇಕವಾ?"

ರೈಲು ಹೊರಟಿತು.

ನಾಲ್ಕನೆಯ ದಿನ ಅತ್ತೆಯ ಫೋನು ಬಂತು. ಹಿಂದೆ ಮಾವನ ದನಿ ಒಂದೇ ಸಮ ಕೇಳುತ್ತಿತ್ತು. ಓಣಿಯ ನಳದ ಬಗ್ಗೆಯೋ, ಯಾರದೋ ಎಮ್ಮೆ ಈದ ಬಗ್ಗೆಯೋ ಏನೋ ಹೇಳುತ್ತಿದ್ದ.

"ಬಂದಾಗಿಂದ ಬಾಯಿ ಮುಚ್ಚಿಲ್ಲ ನೋಡವಾ," ಎಂದಳು ಅತ್ತೆ. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಮೂರು ವರ್ಷದ್ದು ಒಂದೊಂದ ದಿನದ್ದೂ ಹೇಳಾಕತ್ತಾರ. ಇನ್ನೂ ಮೊದಲನೇ ಶ್ರಾವಣಕ್ಕ ಬಂದಾರ. ಡ್ಯೂಟಿಗೆ ರಜಾ ಹಾಕೀನಿ. ಇಡ್ತೀನವಾ, ಕೇಳೂದೈತಿ."