ಗೋಡೆಯ ಮೇಲಿನ ಪಾರಿಸ

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ಪಾತ್ರೆ-ಭಾಂಡೆಗಳ ಅಂಗಡಿ ಇಟ್ಟಿದ್ದ ಪಾರಿಸ ಬೀಡಿ ಸೇದಿದವನಲ್ಲ, ಸಿಗರೇಟು ಮುಟ್ಟಿದವನಲ್ಲ. ಅವನು ಮಾಡಿದ ತಪ್ಪೆಂದರೆ, ಪಕ್ಕದ ಜಕ್ಕಪ್ಪನ ಚಹಾದಂಗಡಿ ಗೋಡೆಗೆ ಸಿಗರೇಟಿನ ಜಾಹೀರಾತು ಬರೆಯಲು ಬಂದ ಕೊಲ್ಲಾಪುರದ ಪೇಂಟರನ ಕಣ್ಣೆದುರು ಸುಮ್ಮನೆ ಕೂತದ್ದು. ಕಂಪನಿಯವರು ಕೊಟ್ಟ ಚಿತ್ರ ಮಳೆಗೆ ನೆನೆದು ಅದರ ಮುಖವೇ ಹೋಗಿತ್ತು. ಆ ಪುಣ್ಯಾತ್ಮ ಪಾರಿಸನ ಮುಖವನ್ನೇ ಗೋಡೆಗೇರಿಸಿ, ಸೂಟು ತೊಡಿಸಿ, ತುಟಿಗೊಂದು ಸಿಗರೇಟು ಸಿಕ್ಕಿಸಿ ಊರು ಬಿಟ್ಟ.

ಊರು ನಕ್ಕಿತು, ಪಾರಿಸ ಸಹಿಸಿಕೊಂಡ. ಆದರೆ ೧೯೮೭ರ ಆ ರವಿವಾರ ಸಹಿಸುವಂತಿರಲಿಲ್ಲ. ನಿಪ್ಪಾಣಿಯಿಂದ ಕನ್ಯೆಯ ತಂದೆ ಆಬಾಸಾಹೇಬರು ವರನನ್ನು ನೋಡಲು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ವಯಸ್ಸು ಮೀರುತ್ತಿದ್ದ ಪಾರಿಸನಿಗೆ ಇದೂ ತಪ್ಪಿದರೆ ಭಾಂಡೆಗಳ ಜೊತೆಗೇ ಸಂಸಾರ. ಆಬಾಸಾಹೇಬರು ಜೈನ ಧರ್ಮದಲ್ಲಿ ಬಹಳ ಕಟ್ಟುನಿಟ್ಟಿನವರು, ಹೊತ್ತು ಮುಳುಗಿದ ಮೇಲೆ ಹನಿ ನೀರು ಮುಟ್ಟುವುದಿಲ್ಲ ಎಂದು ಮಧ್ಯಸ್ಥ ಜಿನ್ನಪ್ಪ ಹೆದರಿಸಿದ್ದ. ಅವರ ವ್ಯಾಪಾರ ಯಾವುದೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ನಿಪ್ಪಾಣಿ ಎಂದ ಮೇಲೆ ಕೇಳದೆಯೂ ತಿಳಿಯಬೇಕಿತ್ತು, ಆದರೆ ಮದುವೆಯ ಆಸೆ ಬುದ್ಧಿಯನ್ನು ಓಡಗೊಡುವುದಿಲ್ಲ.

ಗೋಡೆಯ ಯಜಮಾನ ಜಕ್ಕಪ್ಪ ಒಂದು ಡಬ್ಬಿ ಸುಣ್ಣ ಕೊಟ್ಟು, ಸಿಗರೇಟು ಮಾತ್ರ ಅಳಿಸು, ಮುಖ ಇದ್ದರೆ ಗಿರಾಕಿ ಬರುತ್ತದೆ ಎಂದ. ಕುಂಚವಿರಲಿಲ್ಲ. ಪಾರಿಸ ಗೋಣಿತಾಟು ಅದ್ದಿ ಕೈಯಿಂದಲೇ ಬಳಿದ. ಸಿಗರೇಟು ಹೋಯಿತು, ಆದರೆ ತುಟಿ ಮುಂದಕ್ಕೆ ಚಾಚಿಕೊಂಡೇ ಉಳಿಯಿತು.

ಹೂ ಮಾರುವ ಸಾವಕ್ಕ ಸಮಾಧಾನವಾಗಿ ಹೇಳಿದಳು: "ಮದ್ಲ ಬರೇ ಸಿಗರೇಟ್ ಸೇದತಿದ್ದಿ ತಮ್ಮಾ. ಈಗ ಬಸ್ಸಿಳಿಯೋ ಹೆಣಮಕ್ಕಳಿಗೆ ಸೀಟಿ ಹೊಡ್ಯಾಕತ್ತಿ."

ಪಾರಿಸ ಬಾಯಿಗೆ ಬಳಿದ. ಬಾಯಿಲ್ಲದ ಮುಖ ದೆವ್ವದಂತೆ ಕಂಡಿತು. ಕಣ್ಣಿಗೆ ಬಳಿದ, ಮೂಗಿಗೆ ಬಳಿದ. ಸೂಟಿನ ಮೇಲೆ ಬರೀ ಬಿಳಿ ಗುಂಡು ಉಳಿಯುವಷ್ಟರಲ್ಲಿ ನಿಪ್ಪಾಣಿ ಬಸ್ಸು ಬಂದೇಬಿಟ್ಟಿತು. ಅವನು ಡಬ್ಬಿ ಬಿಸಾಕಿ ಅಂಗಡಿಗೆ ಬೀಗ ಹಾಕಿ ಬರುವಷ್ಟರಲ್ಲಿ ಬೀಗರಾಗುವವರು ಜಟಕಾ ಹಿಡಿದು ಮನೆ ಮುಟ್ಟಿದ್ದರು.

ಆಬಾಸಾಹೇಬರು ಬಾಗಿಲಲ್ಲಿ ನಿಂತು, ಪಾರಿಸನ ತಾಯಿ ತಾರಾಬಾಯಿ ಕೊಟ್ಟ ಚೊಂಬಿನ ನೀರಿನಿಂದ ಕಾಲು ತೊಳೆಯುತ್ತ ಮಾತಾಡುತ್ತಿದ್ದರು.

"ನಿಪ್ಪಾಣಿ ಅಂದ್ರನ ತಂಬಾಕಲ್ರಿ. ಸಿಗರೇಟ್ ಕಂಪನಿಗೆ ಅದನ್ನ ಕೊಡೂದು ಅಜ್ಜನ ಕಾಲದಿಂದ ನಮ್ಮ ಧಂದಾರಿ. ಮನಿಯಾಗ ಒಬ್ಬರೂ ಸೇದಂಗಿಲ್ಲ, ಆದ್ರ ಅದರ ಅನ್ನಾನ ಉಣ್ಣತೀವಿ. ನನ್ನ ಮಗಳು ಇಲ್ಲೇ ಕಾಲೇಜಿಗೆ ಬರತಾಳ. ಬಂದ ವರ ಎಲ್ಲಾ ಬ್ಯಾಡ ಅಂದಾಕಿ, ಆ ಗೋಡಿ ಮ್ಯಾಲಿನ ನಿಮ್ಮ ಹುಡುಗನ ಮಾರಿ ನೋಡಿ ಹೂಂ ಅಂದಾಳ್ರಿ. ನಾನೂ ನೋಡೂಣು ಅಂತ ಇಳದ್ರ, ಯಾವನೋ ಹಲಕಟ್ ಅದಕ್ಕ ಸುಣ್ಣಾ ಬಳದಾನ. ಅನ್ನಾ ಕೊಡೂ ಲಕ್ಷ್ಮಿ ಮಾರಿಗೆ ಬಳದಂಗಾತು. ಅಂವ ಸಿಗಬೇಕ್ರಿ ನನ್ನ ಕೈಯಾಗ."

ಪಾರಿಸ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ತಾರಾಬಾಯಿಗೆ ಹಿಡಿಸಲಾರದ ಸಂತೋಷ. ಸಂಬಂಧ ಕೂಡಿದಂತೆಯೇ ಎಂದು ಮಗನನ್ನು ಮೊಣಕೈಯಿಂದ ತಿವಿದಳು. "ಕಂಬ ನಿಂತಂಗ ಯಾಕ ನಿಂತಿಯೋ, ಮಾವಾರ ಕಾಲ ಮುಟ್ಟು."

ಬೇರೆ ದಾರಿಯಿರಲಿಲ್ಲ. ಪಾರಿಸ ಬಗ್ಗಿದ, ಮುಟ್ಟಿದ, ಎದ್ದ. ಆಬಾಸಾಹೇಬರ ಒದ್ದೆ ಪಾದಗಳ ಮೇಲೆ ಐದೈದು ಬಿಳಿ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಅವರು ಪಾದ ನೋಡಿಕೊಂಡರು, ಪಾರಿಸನನ್ನು ನೋಡಿದರು, ಆಮೇಲೆ ತಾರಾಬಾಯಿಯ ಕಡೆ ತಿರುಗಿದರು.

"ಇನ್ನೊಂದ್ ಚೊಂಬ ನೀರ ಕೊಡ್ರಿ, ಅಕ್ಕಾರ. ಕಾಲ ತೊಳಕೊಂಡು ಬಂದ ಬಸ್ಸಿಗೇ ಹೊಂಡತೀವಿ."