ಬೈಗಿನ ಬಣ್ಣದ ಕೋಟು

ಬೆಂಗೇರಿಯ ಟೇಲರ್ ಶಾಬುದ್ದೀನನ ಹೊಸ ಬೋರ್ಡಿನ ಚಿತ್ರದಲ್ಲಿ ನಿಂತ ಆಸಾಮಿಗೆ ಕೋಟು ಗೀಟು ಎಲ್ಲವೂ ಇತ್ತು, ಮುಖವೊಂದು ಇರಲಿಲ್ಲ. ತೊಡಕು ಶುರುವಾದದ್ದೇ ಅಲ್ಲಿಂದ.

ಪೇಂಟರ್ ಹುಲಗಪ್ಪನ ರೂಢಿಯೇ ಹಾಗೆ: ಮೊದಲು ಬಟ್ಟೆ, ಕಡೆಗೆ ಮುಖ. "ಮಾರಿ ದೇವರು ಕೊಟ್ಟದ್ದು, ಅರಿವಿ ಮನಶ್ಯಾ ತಾನ ಆರಿಸಿದ್ದು. ಅದರಾಗ ಅವನ ಕನಸು ಇರ್ತೈತಿ," ಎನ್ನುತ್ತಿದ್ದ. ಟೆರಿಲಿನ್ ಬಟ್ಟೆ ಆಗಷ್ಟೇ ಊರಿಗೆ ಬಂದಿತ್ತು. ಸ್ಟೇಶನ್ನಿನಲ್ಲಿ ಕೂತು ಜನರ ಕಾಲರು, ಸೆರಗು, ರುಮಾಲಿನ ಸುತ್ತು ನೋಡುತ್ತ ಅವನು ರೈಲನ್ನೇ ಮರೆಯುತ್ತಿದ್ದ. ಈ ಕೋಟಿಗೆ ಅವನು ಕಲಸಿದ್ದು, ಹೊತ್ತು ಮುಳುಗಿದ ಮೇಲೆ ಉಣಕಲ್ ಕೆರೆಯ ನೀರಿನಲ್ಲಿ ಅರೆಗಳಿಗೆ ನಿಲ್ಲುವ ಬಣ್ಣ.

ಅಂದು ಐದರ ಬಸ್ಸಿಗೆ ಹೆಬ್ಬಳ್ಳಿಯಿಂದ ಹುಡುಗಿಯ ಸೋದರಮಾವ ಉಡಚಪ್ಪ ವರನನ್ನು ನೋಡಲು ಬರುವವನಿದ್ದ. ವರನೆಂದರೆ ಹುಲಗಪ್ಪನೇ. ಈ ಮೊದಲು ಮೂರು ಕಡೆಯವರು ಅವನ ಬಣ್ಣ ಮೆತ್ತಿದ ಅಂಗಿ ನೋಡಿ, ಚಹಾ ಕುಡಿದು ಎದ್ದುಹೋಗಿದ್ದರು. "ಬೋರ್ಡ್ ಮುಗಸು, ನಿನ್ನ ಲಗ್ನಕ್ಕ ಇಂಥಾದ್ದ ಕೋಟ್ ಹೊಲದು ಕೊಡ್ತೇನಿ," ಎಂದಿದ್ದ ಶಾಬುದ್ದೀನ. ಮುಗಿಸಿ, ಮಿಂದು, ಮಡಿ ಅಂಗಿ ತೊಡಬೇಕು.

ಎದುರಿಗೆ ಮೆಣಸಿನಕಾಯಿ ಮಾರುವ ಕಸ್ತೂರೆವ್ವ ಕೂಗಿದಳು: "ಎಪ್ಪಾ, ಬರೇ ತಲಿಯಾವನ್ನ ಯಾರ ನಂಬ್ತಾರ? ರುಮಾಲ ಸುತ್ತು!"

ಹುಲಗಪ್ಪ ಕುಂಚದಲ್ಲೇ ಸುತ್ತಿದ.

"ಕೈಗಡಿಯಾರ ಇಲ್ದ ಶಿಸ್ತು ಎಲ್ಲಿಂದ ಬರಬೇಕು?" ಎಂದರು ಸಾಲಿ ಮಾಸ್ತರ ಮಹಾದೇವಪ್ಪ. ಗಡಿಯಾರವೂ ಬಂತು.

ಆಮೇಲೆ ಮುಖದ ಜಗಳ. ಮಾಸ್ತರರಿಗೆ ತಮ್ಮದೇ ಬೇಕು, ಕಸ್ತೂರೆವ್ವನಿಗೆ ತೀರಿಹೋದ ಗಂಡನದು. ಮಾತು ಬಾಣಲೆಯ ಸಾಸಿವೆಯಂತೆ ಸಿಡಿಯತೊಡಗಿದಾಗ ಹುಲಗಪ್ಪ ಅಂಗಡಿಯ ಕನ್ನಡಿಗೆ ತಿರುಗಿ ತನ್ನ ಮುಖವನ್ನೇ ಬರೆದುಬಿಟ್ಟ.

ಅಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಇಳಿದ ಉಡಚಪ್ಪ ಬೋರ್ಡಿನೆದುರು ಕಂಬವಾದ.

"ಮಾರಿ ಮ್ಯಾಗ ಏನ ಕಳಿ! ಯಾರ ಈ ಹುಡುಗಾ?"

ಮೂಗಿನ ಮೇಲೆ ಹಳದಿ, ಗಲ್ಲದ ಮೇಲೆ ನೀಲಿ ಮೆತ್ತಿಕೊಂಡಿದ್ದ ಹುಲಗಪ್ಪ ನಾಚಿದ. "ನಾನ ರೀ."

"ನಡಿಯೋ! ಹುಲಿ ಬರದಾವ ಹುಲಿ ಆಕ್ಕಾನೇನು?" ಉಡಚಪ್ಪ ನಕ್ಕು ಶಾಬುದ್ದೀನನತ್ತ ತಿರುಗಿದ. "ಯಾರೋ ಪೇಂಟರ್ ಹುಲಗಪ್ಪನ್ನ ನೋಡಾಕ ಬಂದಿದ್ದೆ. ಇನ್ ಅವ ಬ್ಯಾಡ. ಈ ಹುಡುಗನ್ನ ನಾಳೆ ಹೆಬ್ಬಳ್ಳಿಗೆ ಕಳಸ್ರಿ. ಇದ ರುಮಾಲು, ಇದ ಕೋಟು ಇರ್ಲಿ, ಗುರ್ತ ಹಿಡೀತೇನಿ. ಹುಡುಗಿ ಕೊಟ್ಟಂಗ!" ಎಂದವನೇ, ಹೆಬ್ಬಳ್ಳಿಯತ್ತ ತಿರುಗಿ ನಿಂತಿದ್ದ ಅದೇ ಬಸ್ಸು ಹತ್ತಿದ.

ಹುಲಗಪ್ಪ ಕುಣಿದಾಡಿದ. "ಶಾಬುದ್ದೀನಣ್ಣಾ, ಲಗೂ ಕತ್ತರಿ ಹಿಡಿ!"

ಶಾಬುದ್ದೀನ ಬೋರ್ಡು ನೋಡಿದ, ಕಪಾಟಿನ ಬಟ್ಟೆಗಳನ್ನೆಲ್ಲ ನೋಡಿದ, ಮತ್ತೆ ಬೋರ್ಡು ನೋಡಿದ.

"ಹೊಲೀತೇನಿ ತಮ್ಮಾ. ಆದ್ರ ಈ ಬಣ್ಣದ ಅರಿವಿ ಮುಂಬಯಿಗೆ ಹೋದ್ರೂ ಸಿಗೂದಿಲ್ಲ. ಅದು ನೀನ ಕಲಸಿದ ಬಣ್ಣ ಅಲ್ಲೇನು!"

ಬೋರ್ಡಿನ ಮೇಲೆ ಹುಲಗಪ್ಪನ ಮುಖ, ಉಣಕಲ್ ಕೆರೆಯ ಸಂಜೆಯನ್ನು ತೊಟ್ಟು, ಹೆಬ್ಬಳ್ಳಿಗೆ ಹೊರಟು ನಿಂತವನ ಹಾಗೆ ನಗುತ್ತಿತ್ತು.