ಸೋಮವಾರ, ಶುಕ್ರವಾರ: ವಿಶ್ರಾಂತಿ

ಸುಮ್ಮನೆ ಕೂರುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ. ಮೈಸೂರಿನ ನಮ್ಮ ಹೈಸ್ಕೂಲಿನಲ್ಲಿ ಆಟದ ಪೀರಿಯಡ್ ಇತ್ತಾದರೂ ಪ್ರತಿ ವಾರ ಗಣಿತದ ಮೇಷ್ಟ್ರು ಬಂದು, "ಪೋರ್ಷನ್ ಮುಗಿದಿಲ್ಲ, ಕೂತ್ಕೊಳ್ರೋ" ಎಂದು ಅದನ್ನು ನುಂಗಿಹಾಕುತ್ತಿದ್ದರು. ವೇಳಾಪಟ್ಟಿಯಲ್ಲಿ ಬಿಡುವು ಇರುವುದೇ ಯಾರಾದರೂ ಕಸಿದುಕೊಳ್ಳಲಿ ಎಂದು ಅಂದಿನಿಂದ ನಂಬಿದ್ದೇನೆ.

ಕೈಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿಕೊಳ್ಳುವ ಹುಚ್ಚು ಅಮೆರಿಕದಲ್ಲಿ ನಾವಿರುವ ರೆಡ್ಮಂಡಿಗೆ ಹೊಸದಾಗಿ ಬಂದಿದ್ದ ವರ್ಷ, ನನ್ನ ಹೆಂಡತಿ ಸುಧಾ, ಇಬ್ಬರೂ ಹಾಫ್ ಮ್ಯಾರಥಾನ್ ಓಡೋಣ ಎಂದಳು. ಸಪ್ತಪದಿಯ ಬಳಿಕ ನಾವು ಜೊತೆಯಾಗಿ ಹೆಜ್ಜೆ ಹಾಕಿದ್ದೇ ಕಡಿಮೆ. ಎಲ್ಲಿಗೆ ಹೋದರೂ ನಾನು ಹತ್ತು ಮಾರು ಮುಂದೆ. "ಒಂದ್ಸಲ ಆದ್ರೂ ಪಕ್ಕದಲ್ಲೇ ಇರಿ" ಎಂದಳು. ಆಸೆ ನನಗೂ ಇತ್ತು. ಹನ್ನೆರಡು ವಾರಗಳ ತರಬೇತಿಯ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದೆವು. ಸೋಮವಾರ, ಶುಕ್ರವಾರಗಳ ಎದುರು 'ವಿಶ್ರಾಂತಿ' ಎಂದಿತ್ತು. ಆ ದಿನಗಳಲ್ಲಿ ಸುಧಾ ಕಾಲು ಚಾಚಿ ಕಾಫಿ ಕುಡಿದಳು. ನಾನು ಮುಂದಿನ ವಾರದ ಓಟವನ್ನು ಅಲ್ಲಿಗೆ ಎಳೆದು ತಂದು ಊರಿನ ಎಜುಕೇಶನ್ ಹಿಲ್ ಗುಡ್ಡವನ್ನು ಹತ್ತಿ ಇಳಿದೆ. ಎಂಟನೇ ವಾರಕ್ಕೆ ನನ್ನ ಪೋರ್ಷನ್ ಮುಗಿದಿತ್ತು, ಉಳಿದದ್ದು ರಿವಿಷನ್.

ಎಡವಟ್ಟಾದದ್ದು ರಿವಿಷನ್ನಿನಲ್ಲಿ. ಓಡಿದಷ್ಟೂ ನಿಧಾನವಾದೆ. ನಿದ್ದೆ ಹೋಯಿತು. ಸಾರಿಗೆ ಉಪ್ಪಿಲ್ಲವೆಂದು ಸಿಡುಕಿದೆ, ಉಪ್ಪಿತ್ತು. ಮೊಣಕಾಲ ಕೆಳಗಿನ ಮೂಳೆ ಮೆಟ್ಟಿಲು ಕಂಡರೇ ನೋಯತೊಡಗಿತು. ಓಟಕ್ಕೆ ಎರಡು ವಾರವಿದ್ದಾಗ ಫಿಸಿಯೋಥೆರಪಿಸ್ಟ್ ಬಳಿ ಹೋದೆ. ಆಕೆ, ನಾಲ್ಕು ವಾರ ಓಡಕೂಡದು, ಕಾಲಿಗೆ ಬಲ ಬರುವುದು ಓಡುವಾಗಲ್ಲ, ಓಡಿದ ಮೇಲೆ ಸುಮ್ಮನಿದ್ದಾಗ ಎಂದಳು. ಹಾಗಾದರೆ ಓಡುವುದೇಕೆ ಎಂದು ಕೇಳಿದೆ. ತಮಾಷೆ ಮಾಡುತ್ತಿದ್ದೇನೆಂದುಕೊಂಡು ನಕ್ಕಳು. ನನಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಸುಧಾ ಒಬ್ಬಳೇ ಓಡಿದಳು. ನಾನು ಓಟ ಮುಗಿಯುವಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಅವಳ ಜಾಕೆಟ್ ಹಿಡಿದು ಕೂತಿದ್ದೆ. ಹೊಟ್ಟೆಯೂ ಉರಿಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚೆಂದು ತಿಳಿಯಲಿಲ್ಲ. ಓಡಿ ಮುಖ ಕೆಂಪಗಾಗಿ ಬಂದವಳು ಹುಲ್ಲಿನ ಮೇಲೆ ಕೂತು, "ನೀವು ಮುಂದೆ ಎಲ್ಲೋ ಹೋಗ್ತಿದೀರ ಅಂತಲೇ ಅನ್ನಿಸ್ತಿತ್ತು ರೀ. ಇನ್ನೆರಡು ವಾರ ಸುಮ್ನೆ ಕೂತ್ಕೊಳ್ಳಿ. ಆಮೇಲೆ ಇಬ್ರೂ ನಿಧಾನಕ್ಕೆ ಶುರು ಮಾಡೋಣ" ಎಂದಳು.

ನನಗೆ ಕಣ್ಣು ತುಂಬಿ ಬಂತು. ಬಾಯಿ ಸುಮ್ಮನಿರಬೇಕಲ್ಲ.

"ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ರೆಸ್ಟ್ ಮಾಡಿದ್ರೆ ಒಂದೇ ವಾರದಲ್ಲಿ ಮುಗಿಸ್ಬಹುದಾ?" ಎಂದು ಕೇಳಿದೆ.